ಖಯ್ಯಾತ್

ಕಾರ್ಡಿನಲ್ಲಿ ಹಾಗೇ ಇತ್ತು: ಖಯ್ಯಾತ್. ದರ್ಜಿ.
ಹೆಸರು ಹಿಲರಿ ಕಾರ್ಡೋಜ, ಊರು ಪಾಂಬೂರು,
ಉದ್ಯೋಗ ಬಟ್ಟೆ ಹೊಲಿಯುವುದು.
ಶಾಲೆಯ ಪರವಾನಗಿ ಮಸ್ಕತ್ತಿನ ಯಾವುದೋ ಮೇಜಿನಲ್ಲಿ
ಚಹಾ ಲೋಟದಡಿ ಕೂತಿದ್ದ ಕಾಲ;
ಇಲ್ಲದ ಶಾಲೆಗೆ ಹೆಡ್‌ಮಾಸ್ಟರನ್ನು ಕರೆಸುವುದು ಹೇಗೆ?
ಸಾಲಿಮ್ ಬಿನ್ ಹಮೂದರ ಬಳಿ ಒಂದು ವೀಸಾ ಉಳಿದಿತ್ತು,
ಟೇಲರಿನದು.
ಬಂದರು.

ಸೂರ್ ಪಟ್ಟಣ, ಹಿನ್ನೀರ ದಂಡೆ.
ಖರ್ಜೂರದ ಗೋದಾಮನ್ನು ಗುಡಿಸಿ, ತೊಳೆದು, ಮತ್ತೆ ತೊಳೆದು
ಕಪ್ಪು ಹಲಗೆ ತೂಗುಹಾಕಿದರು.
ನೆಲ ಮಾತ್ರ ವರ್ಷವಿಡೀ ಅಂಟು.
ಇರುವೆಗಳು ಗಣಿತದ ಪುಸ್ತಕದಲ್ಲೇ ಸಂಸಾರ ಹೂಡಿದ್ದವು.
ಹದಿನೆಂಟು ಮಕ್ಕಳು. ಹದಿನೇಳನೆಯವಳು ನಾನು, ಝುಲೇಖಾ,
ಹಡಗುಕಟ್ಟೆಯ ಬಡಗಿ ಇದ್ದಿನಬ್ಬನ ಮಗಳು.
ಗಂಟೆ ಅಪ್ಪನೇ ತಂದದ್ದು, ಒಡೆದ ಹಡಗಿನಿಂದ.
ಬಾರಿಸಿದರೆ ದಡದ ಮೀನುಗಾರರೂ ತಲೆಯೆತ್ತುತ್ತಿದ್ದರು.

ತಪಾಸಣೆಯ ಬಿಳಿ ಜೀಪು ತಿರುವಿನಲ್ಲಿ ಕಂಡರೆ
ಮೇಷ್ಟ್ರು ಸೀಮೆಸುಣ್ಣ ಜೇಬಿಗೆ ಹಾಕಿ
ಪಕ್ಕದ ಅಂಗಡಿಗೆ ನಡೆಯುತ್ತಿದ್ದರು. ಓಡುತ್ತಿರಲಿಲ್ಲ,
ಹೆಡ್‌ಮಾಸ್ಟರು ಓಡಬಾರದಲ್ಲ.
ಬಲೂಚಿ ದಾದ್‌ಕರೀಮ್ ಎದ್ದು ಮಿಶನ್ನು ಬಿಟ್ಟುಕೊಡುತ್ತಿದ್ದ.
ಒಂದು ದಿನ ಅಧಿಕಾರಿ ಹೋಗಲೇ ಇಲ್ಲ. ಕುರ್ಚಿ ಎಳೆದು ಕೂತ.
‘ಹೊಲಿ, ನೋಡುವ.’
ಹೊಲಿದರು. ಕಾಲರು ಕಿವಿಯ ತನಕ ಬಂತು.
ಅವನು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದ,
ಬೆರಳಿಗಂಟಿದ ಬಿಳಿ ಪುಡಿಯನ್ನೂ.
‘ದರ್ಜಿಗೂ ಸುಣ್ಣ ಬೇಕು’ ಎಂದು ಎದ್ದು ಹೋದ.

ಆ ಸಂಜೆಯಿಂದ ಮೇಷ್ಟ್ರು ನಿಜಕ್ಕೂ ಹೊಲಿಗೆ ಕಲಿತರು.
ಹೇಳಿದ ಸುಳ್ಳನ್ನು ಸುಳ್ಳಾಗಿಯೇ ಬಿಡುವುದು
ಅವರಿಂದಾಗದು.
ಮೊದಲ ಯೂನಿಫಾರ್ಮು ಹದಿನೆಂಟೂ ಅವರ ಕೈಯದೇ.
ಲಂಗದ ನಾಲ್ಕನೆಯ ನೆರಿಗೆ
ಎಡಕ್ಕೆ ಹೋಗಬೇಕಾದ್ದು ಬಲಕ್ಕೆ ಹೋಗಿತ್ತು.
ತಿದ್ದಲಿಕ್ಕೆ ನಾನು ಕೊಡಲಿಲ್ಲ.

ಗುರುವಾರ ಮಧ್ಯಾಹ್ನ ಕನ್ನಡ. ಫೀಸಿಲ್ಲ, ಪರೀಕ್ಷೆಯಿಲ್ಲ.
ಏಳು ಮಂದಿ: ಬ್ಯಾರಿ ಮೂವರು, ತುಳು ಇಬ್ಬರು,
ಒಬ್ಬ ಕೊಂಕಣಿ, ಒಬ್ಬಳು ನವಾಯತಿ.
ಮನೆಯಲ್ಲಿ ಕನ್ನಡ ಆಡುವವರು ಒಬ್ಬರೂ ಇಲ್ಲ,
ಮೇಷ್ಟ್ರನ್ನೂ ಸೇರಿಸಿ.
‘ಇದು ಒಳಮನೆಯದ್ದಲ್ಲ ಮಕ್ಕಳೇ, ಅಂಗಳದ್ದು.
ಅಂಗಳದಲ್ಲೇ ಅಲ್ಲವಾ ಎಲ್ಲರೂ ಸಿಗುವುದು?’
ಒತ್ತಕ್ಷರಕ್ಕೆ ತಮ್ಮ ಅಂಗಿಯನ್ನೇ ಹಿಡಿದು ತೋರಿಸುತ್ತಿದ್ದರು:
ಗುಂಡಿ ಮೇಲೆ, ಅದನ್ನು ಹಿಡಿದ ದಾರದ ಗಂಟು ಕೆಳಗೆ.
ಗಂಟು ಮರೆತರೆ ಅಕ್ಕ ಬರೀ ಅಕ.

ಐದನೆಯ ವರ್ಷ ಪರವಾನಗಿ ಬಂತು,
ಜೊತೆಗೊಂದು ನಿಯಮ: ಪ್ರಿನ್ಸಿಪಾಲರಿಗೆ ಬಿ.ಎಡ್. ಬೇಕು.
ಮೇಷ್ಟ್ರ ಬಳಿ ಇದ್ದದ್ದು ಟಿ.ಸಿ.ಎಚ್.,
ಮತ್ತು ಕಾರ್ಡಿನ ಆ ಒಂದು ಪದ.
ಟೈ ಕಟ್ಟಿದವರೊಬ್ಬರು ಬಂದರು. ಒಳ್ಳೆಯವರೇ.
ಮೇಷ್ಟ್ರು ಲೈಬ್ರರಿಗೆ ಹೋದರು, ಆಮೇಲೆ ಯೂನಿಫಾರ್ಮ್ ಸ್ಟೋರಿಗೆ.
ಯಾರೂ ಕಳಿಸಿದ್ದಲ್ಲ ಎಂದು ಕಮಿಟಿಯವರು ಇವತ್ತಿಗೂ ಹೇಳುತ್ತಾರೆ.
‘ದರ್ಜೆ ಹೋಯಿತು, ದರ್ಜಿ ಉಳಿದ,
ಒಂದು ಗುಡಿಸಿನ ವ್ಯತ್ಯಾಸ’ ಎಂದು ನಕ್ಕದ್ದನ್ನು ಅಪ್ಪ ಕೇಳಿದ್ದರು.
ಹನ್ನೊಂದು ವರ್ಷ ಮಕ್ಕಳ ಸೊಂಟ ಅಳೆದರು,
ಅಳೆಯುತ್ತಲೇ ಹದಿಮೂರರ ಮಗ್ಗಿ ಕೇಳುತ್ತ.
ಹದಿಮೂರೆಂಟ್ಲಿಗೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು,
ಅಳತೆ ತಪ್ಪುತ್ತಿತ್ತು.

ಕೊನೆಗೆ ಊರಿಗೆ ಹೊರಟಾಗ ವಿಮಾನ ನಿಲ್ದಾಣದ ಪೊಲೀಸು ಕೇಳಿದನಂತೆ.
ಖಯ್ಯಾತ್, ಅಂದರಂತೆ,
ಆ ಸಲ ಸುಳ್ಳಿಲ್ಲದೆ.

ಈಗ ಶಾಲೆಗೆ ಮೂರು ಮಹಡಿ.
ಆಫೀಸಿನ ಗೋಡೆಯಲ್ಲಿ ಫೋಟೋಗಳ ಸಾಲು,
ಮೊದಲನೆಯದು ಟೈ ಕಟ್ಟಿದವರದು.
ಮಗಳನ್ನು ಸೇರಿಸಲು ಹೋದಾಗ ನೋಡಿದೆ.
ಕೇಳಬೇಕೆಂದುಕೊಂಡೆ; ಗುಮಾಸ್ತ ಚಿಕ್ಕ ಹುಡುಗ,
ಊಟದ ಹೊತ್ತು.

ಮನೆಗೆ ಬಂದು ಹೊಸ ಯೂನಿಫಾರ್ಮಿನ ಪ್ಲಾಸ್ಟಿಕ್ಕು ಹರಿದೆ.
ಕಾರ್ಖಾನೆಯ ಹೊಲಿಗೆ, ಯಾವ ಹಳೆಯ ಲಂಗವಿಟ್ಟು
ಕತ್ತರಿಸಿದ್ದೋ:
ನಾಲ್ಕನೆಯ ನೆರಿಗೆ ಬಲಕ್ಕೆ.
‘ಉಮ್ಮಾ, ಇದು ತಪ್ಪಲ್ವಾ?’ ಅಂದಳು ಮಗಳು.
ಹೌದು ಅಂದೆ.
ನೀರು ಚಿಮುಕಿಸಿ, ಅದು ಹೋದ ಕಡೆಗೇ
ಇಸ್ತ್ರಿ ಎಳೆದೆ.